ಬಾಣಂತಿ ನಂಜು: ಗೆಳೆಯನ ಸಾವು ಬಿಡಿಸಿದ ಒಗಟು

ಹೆರಿಗೆಯಾದ ಮೂರನೆಯ ಅಥವಾ ನಾಲ್ಕನೆಯ ದಿನ ಬಾಣಂತಿಯ ಮೈ ಬಿಸಿಯಾಗುತ್ತದೆ. ಸಂಜೆಯ ಹೊತ್ತಿಗೆ ಚಳಿ ಹತ್ತುತ್ತದೆ. ‘ನಂಜಾಗಿದೆ’ ಎನ್ನುತ್ತಾರೆ ಮನೆಯ ಹಿರಿಯರು. ಕುಂದಾಣ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಈ ಮಾತು ಕೇಳದ ಮನೆಯಿಲ್ಲ. ನಂಜು ಏಕಾಯಿತು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಕಿಟಕಿ ತೆರೆದಿದ್ದರಿಂದ ಶೀತಗಾಳಿ ಸೋಕಿತು, ಬದನೆಕಾಯಿ ತಿಂದಳು, ತಣ್ಣೀರು ಕುಡಿದಳು, ಯಾರದೋ ಕಣ್ಣು ಬಿತ್ತು. ಕೂಡಲೇ ಕಿಟಕಿ ಮುಚ್ಚುತ್ತಾರೆ, ಪಥ್ಯ ಇನ್ನಷ್ಟು ಬಿಗಿಯಾಗುತ್ತದೆ, ದೃಷ್ಟಿ ನಿವಾಳಿಸುತ್ತಾರೆ. ಅಷ್ಟರಲ್ಲಿ ಎರಡು ದಿನ ಕಳೆದುಹೋಗಿರುತ್ತದೆ. ಬಾಣಂತಿ ಜ್ವರದಲ್ಲಿ ಆ ಎರಡು ದಿನಗಳೇ ಜೀವದ ಬೆಲೆಯವು.

ನಮ್ಮ ಹಳ್ಳಿಯ ಹಿರಿಯರು ಮಾತ್ರ ಹೀಗೆ ಯೋಚಿಸಿದರೆಂದು ತಿಳಿಯಬೇಡಿ. ಸುಮಾರು 180 ವರ್ಷಗಳ ಹಿಂದೆ ಯೂರೋಪಿನ ಅತಿ ದೊಡ್ಡ ಆಸ್ಪತ್ರೆಗಳಲ್ಲಿ ಒಂದಾದ ವಿಯೆನ್ನಾ ಜನರಲ್ ಆಸ್ಪತ್ರೆಯ ಪ್ರಾಧ್ಯಾಪಕರೂ ಗಾಳಿಯನ್ನೇ ದೂರುತ್ತಿದ್ದರು. ನಿಜವಾದ ಕಾರಣವನ್ನು ಹಿಡಿದವನು ಒಬ್ಬ ತರುಣ ವೈದ್ಯ. ಅದಕ್ಕೆ ಅವನು ತೆತ್ತದ್ದು ತನ್ನ ಆಪ್ತ ಗೆಳೆಯನನ್ನು. ಅವನು ಕಂಡುಕೊಂಡ ಸತ್ಯ ಇಂದಿಗೂ ಪ್ರತಿ ಬಾಣಂತಿ ಕೋಣೆಗೆ ಅನ್ವಯಿಸುವುದರಿಂದ ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ತಿಳಿಯೋಣ.

ಎರಡು ವಾರ್ಡು, ಎರಡು ಲೆಕ್ಕ

ಇಗ್ನಾಜ್ ಸೆಮೆಲ್ವೈಸ್ ಹುಟ್ಟಿದ್ದು 1818ರಲ್ಲಿ, ಹಂಗೆರಿಯ ಬುಡಾ ನಗರದಲ್ಲಿ. ತಂದೆ ದಿನಸಿ ವ್ಯಾಪಾರಿ. ವಿಯೆನ್ನಾದಲ್ಲಿ ವೈದ್ಯಶಿಕ್ಷಣ ಮುಗಿಸಿದ ಸೆಮೆಲ್ವೈಸ್ 1846ರಲ್ಲಿ ಅಲ್ಲಿಯ ಹೆರಿಗೆ ವಿಭಾಗದಲ್ಲಿ ಪ್ರೊ. ಯೋಹಾನ್ ಕ್ಲೈನ್ ಅವರ ಸಹಾಯಕನಾಗಿ ಸೇರಿದ.

ಆ ವಿಭಾಗದಲ್ಲಿ ಎರಡು ವಾರ್ಡುಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು. ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. ಹೆರಿಗೆಗೆ ಬಂದವರನ್ನು ಸರದಿಯ ಪ್ರಕಾರ ಒಂದು ದಿನ ಈ ವಾರ್ಡಿಗೆ, ಮತ್ತೊಂದು ದಿನ ಆ ವಾರ್ಡಿಗೆ ಸೇರಿಸಿಕೊಳ್ಳುತ್ತಿದ್ದರು. ಎಂದರೆ ಎರಡೂ ಕಡೆ ಬರುತ್ತಿದ್ದವರು ಒಂದೇ ಊರಿನ, ಒಂದೇ ಬಗೆಯ ಬಡ ಹೆಂಗಸರು.

ಆದರೆ ಸಾವಿನ ಲೆಕ್ಕ ಒಂದೇ ಆಗಿರಲಿಲ್ಲ. 1841ರಿಂದ 1846ರವರೆಗಿನ ಆರು ವರ್ಷಗಳಲ್ಲಿ ಮೊದಲನೆಯ ವಾರ್ಡಿನಲ್ಲಿ 20,042 ಹೆರಿಗೆಗಳಾಗಿ 1,989 ತಾಯಂದಿರು ಸತ್ತರು. ಎರಡನೆಯ ವಾರ್ಡಿನ 17,791 ಹೆರಿಗೆಗಳಲ್ಲಿ ಸತ್ತವರು 691. ವೈದ್ಯರು ಹೆರಿಗೆ ಮಾಡಿಸಿದಲ್ಲಿ ನೂರಕ್ಕೆ ಸುಮಾರು ಹತ್ತು ಸಾವು, ಸೂಲಗಿತ್ತಿಯರು ಮಾಡಿಸಿದಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ! ಈ ಸಂಗತಿ ಊರಿಗೆಲ್ಲ ಗೊತ್ತಿತ್ತು. ತಮ್ಮನ್ನು ಮೊದಲನೆಯ ವಾರ್ಡಿಗೆ ಹಾಕಿದ್ದಾರೆಂದು ತಿಳಿದ ಗರ್ಭಿಣಿಯರು ಮೊಣಕಾಲೂರಿ ಕೈಮುಗಿದು ಬೇಡವೆನ್ನುತ್ತಿದ್ದರು. ಇನ್ನೂ ಸೋಜಿಗದ ಸಂಗತಿಯೆಂದರೆ, ದಾರಿಯಲ್ಲೇ ಹೆತ್ತು ಆಮೇಲೆ ಆಸ್ಪತ್ರೆಗೆ ಬಂದ ಹೆಂಗಸರಿಗೂ ಈ ಜ್ವರ ಅಪರೂಪವಾಗಿತ್ತು. ಬೀದಿಗಿಂತ ಆಸ್ಪತ್ರೆ ಅಪಾಯಕರವಾಗುವುದು ಹೇಗೆ?

ಒಂದೊಂದೇ ಕಾರಣ ಅಳಿಸುತ್ತ

ಸೆಮೆಲ್ವೈಸ್ ಈ ಪ್ರಶ್ನೆಯನ್ನು ಬಿಡಲಿಲ್ಲ. ಜನ ಹೇಳುತ್ತಿದ್ದ ಕಾರಣಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸಿದ.

ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂಬುದು ಮೊದಲ ವಾದ. ಹಾಗಿದ್ದರೆ ಒಂದೇ ಕಟ್ಟಡದ ಎರಡು ವಾರ್ಡುಗಳಿಗೆ ಬೇರೆ ಬೇರೆ ಗಾಳಿ ಬೀಸುತ್ತದೆಯೇ? ಊರಿನ ಉಳಿದ ಬಾಣಂತಿಯರಿಗೆ ಅದು ಏಕೆ ತಟ್ಟುವುದಿಲ್ಲ? ಜನದಟ್ಟಣೆ ಕಾರಣವೆಂದರು ಕೆಲವರು. ಆದರೆ ಎಲ್ಲರೂ ಬಯಸುತ್ತಿದ್ದ ಎರಡನೆಯ ವಾರ್ಡಿನಲ್ಲೇ ಹೆಚ್ಚು ನೂಕುನುಗ್ಗಲು. ಆಹಾರ ಎರಡೂ ಕಡೆ ಒಂದೇ. ಎರಡನೆಯ ವಾರ್ಡಿನಲ್ಲಿ ಹೆಂಗಸರನ್ನು ಪಕ್ಕಕ್ಕೆ ಮಲಗಿಸಿ ಹೆರಿಗೆ ಮಾಡಿಸುತ್ತಿದ್ದರು. ಇಲ್ಲಿಯೂ ಹಾಗೆಯೇ ಮಾಡಿ ನೋಡಿದ. ಸಾವು ಕಡಿಮೆಯಾಗಲಿಲ್ಲ. ಸಾಯುವವರಿಗೆ ಕೊನೆಯ ಪ್ರಾರ್ಥನೆ ಹೇಳಲು ಬರುವ ಪಾದ್ರಿ ಗಂಟೆ ಬಾರಿಸುತ್ತ ಮೊದಲನೆಯ ವಾರ್ಡಿನ ನಡುವೆ ಹಾದುಹೋಗುತ್ತಿದ್ದ. ಆ ಸದ್ದಿಗೆ ಬೆದರಿ ಬಾಣಂತಿಯರಿಗೆ ಜ್ವರ ಬರುತ್ತದೆಂದು ಹೇಳುವವರಿದ್ದರು. ಪಾದ್ರಿಗೆ ಬೇರೆ ದಾರಿ ತೋರಿಸಿ, ಗಂಟೆ ನಿಲ್ಲಿಸಿದ್ದಾಯಿತು. ಸಾವು ನಿಲ್ಲಲಿಲ್ಲ.

ಸತ್ತ ತಾಯಂದಿರ ದೇಹಗಳನ್ನು ಪ್ರತಿದಿನ ಬೆಳಿಗ್ಗೆ ಕೊಯ್ದು ಪರೀಕ್ಷಿಸಿ, ಅಲ್ಲಿಂದ ನೇರವಾಗಿ ವಾರ್ಡಿಗೆ ಬಂದು ಬದುಕಿರುವ ಗರ್ಭಿಣಿಯರನ್ನು ಪರೀಕ್ಷಿಸುವುದು ಸೆಮೆಲ್ವೈಸನ ದಿನಚರಿಯಾಗಿತ್ತು. ಉತ್ತರ ಅವನ ಕೈಯಲ್ಲೇ ಇತ್ತು. ಆದರೆ ಕಣ್ಣಿಗೆ ಬಿದ್ದಿರಲಿಲ್ಲ.

ಗೆಳೆಯನ ಸಾವು

ಯಾಕೋಬ್ ಕೊಲೆಚ್ಕಾ ಅದೇ ಆಸ್ಪತ್ರೆಯ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕ. ವಯಸ್ಸಿನಲ್ಲಿ ಸೆಮೆಲ್ವೈಸನಿಗಿಂತ ಹದಿನೈದು ವರ್ಷ ಹಿರಿಯ. ಆದರೂ ಇಬ್ಬರಿಗೂ ಗಾಢ ಸ್ನೇಹ. 1847ರ ಮಾರ್ಚಿನಲ್ಲಿ ಬೇಸರ ಕಳೆಯಲು ಸೆಮೆಲ್ವೈಸ್ ಮಿತ್ರರೊಡನೆ ವೆನಿಸ್ ನಗರಕ್ಕೆ ಹೋದ. ಮಾರ್ಚ್ 20ರಂದು ವಿಯೆನ್ನಾಕ್ಕೆ ಮರಳಿದಾಗ ಅವನನ್ನು ಕಾದಿದ್ದದ್ದು ಕೊಲೆಚ್ಕಾ ತೀರಿಕೊಂಡ ಸುದ್ದಿ.

ಆದದ್ದಿಷ್ಟೆ. ಒಂದು ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಕೊಲೆಚ್ಕಾನ ಬೆರಳಿಗೆ ಚುಚ್ಚಿತು. ಸಣ್ಣ ಗಾಯ. ಆದರೆ ತೋಳು ಊದಿಕೊಂಡಿತು, ಜ್ವರ ಏರಿತು. ಮಾರ್ಚ್ 13ರಂದು ಅವನು ಕೊನೆಯುಸಿರೆಳೆದ.

ಗೆಳೆಯನ ಸಾವಿನಿಂದ ಕಂಗೆಟ್ಟಿದ್ದ ಸೆಮೆಲ್ವೈಸ್ ಅವನ ಶವಪರೀಕ್ಷೆಯ ವರದಿಯನ್ನು ತರಿಸಿ ಓದಿದ. ರಕ್ತನಾಳಗಳ ಉರಿಯೂತ, ಶ್ವಾಸಕೋಶದ ಹೊದಿಕೆಯಲ್ಲಿ, ಹೃದಯದ ಹೊದಿಕೆಯಲ್ಲಿ, ಹೊಟ್ಟೆಯೊಳಗಿನ ಪೊರೆಯಲ್ಲಿ, ಮಿದುಳಿನ ಪೊರೆಯಲ್ಲಿ ಉರಿಯೂತ. ಈ ಪಟ್ಟಿ ಅವನಿಗೆ ಹೊಸದಾಗಿರಲಿಲ್ಲ. ಬಾಣಂತಿ ಜ್ವರದಿಂದ ಸತ್ತ ನೂರಾರು ತಾಯಂದಿರ ದೇಹದಲ್ಲಿ, ಅವರ ಎಳೆಯ ಮಕ್ಕಳ ದೇಹದಲ್ಲಿ ಅವನು ಕಂಡಿದ್ದು ಇದನ್ನೇ.

ಹಾಗಾದರೆ ಕೊಲೆಚ್ಕಾನನ್ನು ಕೊಂದದ್ದೂ ಬಾಣಂತಿಯರನ್ನು ಕೊಲ್ಲುತ್ತಿದ್ದುದೂ ಒಂದೇ ರೋಗ. ಗಂಡಸಿಗೆ ಬಾಣಂತಿ ಜ್ವರ ಬರುವುದು ಹೇಗೆ? ಚಾಕುವಿನ ಗಾಯವಷ್ಟೇ ಆಗಿದ್ದರೆ ಅವನು ಸಾಯುತ್ತಿರಲಿಲ್ಲ. ಚಾಕುವಿಗೆ ಅಂಟಿದ್ದ ಶವದ ಕಶ್ಮಲ ರಕ್ತಕ್ಕೆ ಸೇರಿ ಅವನನ್ನು ಕೊಂದಿತು. ಬಾಣಂತಿಯರಿಗೆ ಚಾಕು ತಾಗಿಲ್ಲ ನಿಜ. ಆದರೆ ಹೆರಿಗೆಯಾದ ಮೇಲೆ ಗರ್ಭಕೋಶದ ಒಳಗೋಡೆ ಒಂದು ಹಸಿ ಗಾಯದಂತೆಯೇ ಇರುತ್ತದೆ. ಆ ಗಾಯಕ್ಕೆ ಶವದ ಕಶ್ಮಲವನ್ನು ಹೊತ್ತು ತಂದವರಾರು? ಶವಾಗಾರದಿಂದ ನೇರವಾಗಿ ಬರುತ್ತಿದ್ದ ವೈದ್ಯರು ಮತ್ತು ವಿದ್ಯಾರ್ಥಿಗಳು. ಸೂಲಗಿತ್ತಿಯರು ಶವ ಕೊಯ್ಯುತ್ತಿರಲಿಲ್ಲ. ಆದ್ದರಿಂದಲೇ ಅವರ ವಾರ್ಡಿನಲ್ಲಿ ಸಾವು ಕಡಿಮೆ. ಬೀದಿಯಲ್ಲಿ ಹೆತ್ತವರನ್ನು ಯಾರೂ ಕೈಹಾಕಿ ಪರೀಕ್ಷಿಸುತ್ತಿರಲಿಲ್ಲ. ಆದ್ದರಿಂದಲೇ ಅವರು ಬದುಕುತ್ತಿದ್ದರು.

ಇದರ ಅರ್ಥ ಅವನಿಗೆ ತಿಳಿಯದೆ ಹೋಗಲಿಲ್ಲ. ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಶವಪರೀಕ್ಷೆ ಮಾಡಿದವರಲ್ಲಿ ತಾನೂ ಒಬ್ಬ. ತನ್ನ ಕೈಯಿಂದ ಎಷ್ಟು ಜನ ಅಕಾಲದಲ್ಲಿ ಸತ್ತರೋ ದೇವರಿಗೇ ಗೊತ್ತು ಎಂಬ ಅರ್ಥದ ಮಾತನ್ನು ಅವನೇ ಮುಂದೆ ತನ್ನ ಪುಸ್ತಕದಲ್ಲಿ ಬರೆದ.

ಬೋಗುಣಿಯ ನೀರು ಮಾಡಿದ ಪವಾಡ

ಸಾಬೂನಿನಿಂದ ತೊಳೆದರೂ ಶವದ ವಾಸನೆ ಕೈಯಿಂದ ಹೋಗುತ್ತಿರಲಿಲ್ಲ. ವಾಸನೆ ಉಳಿದರೆ ಕಶ್ಮಲವೂ ಉಳಿದಿದೆ ಎಂದೇ ಅರ್ಥವೆಂದು ಸೆಮೆಲ್ವೈಸ್ ತರ್ಕಿಸಿದ. ವಾಸನೆಯನ್ನು ಅಳಿಸುವ ಕ್ಲೋರಿನ್ ನೀರನ್ನು ಆರಿಸಿಕೊಂಡ. 1847ರ ಮೇ ತಿಂಗಳ ನಡುವೆ ವಾರ್ಡಿನ ಬಾಗಿಲಲ್ಲಿ ಬೋಗುಣಿ ಇಡಿಸಿ, ಕೈ ಅದ್ದಿ ತೊಳೆಯದೆ ಯಾರೂ ಒಳಗೆ ಬರಕೂಡದೆಂದು ಕಟ್ಟಪ್ಪಣೆ ಮಾಡಿದ. ಕೆಲವು ಕಾಲದ ನಂತರ ಕ್ಲೋರಿನ್ ನೀರು ದುಬಾರಿಯಾದ್ದರಿಂದ ಅಗ್ಗದ ಕ್ಲೋರಿನ್ ಸುಣ್ಣವನ್ನು ಬಳಸಿದ. ನಮಗೆ ಪರಿಚಿತವಾದ ಬ್ಲೀಚಿಂಗ್ ಪುಡಿ ಎಂದರೆ ಇದೇ.

ಫಲವನ್ನು ಅಂಕಿಗಳೇ ಹೇಳುತ್ತವೆ. ಏಪ್ರಿಲ್‌ನಲ್ಲಿ 312 ಹೆರಿಗೆಗಳಿಗೆ 57 ಸಾವು. ಜೂನ್‌ನಲ್ಲಿ 268ಕ್ಕೆ 6. ಜುಲೈನಲ್ಲಿ 250ಕ್ಕೆ 3. ಮರುವರ್ಷ, 1848ರಲ್ಲಿ, ಇಡೀ ವರ್ಷದ 3,556 ಹೆರಿಗೆಗಳಲ್ಲಿ 45 ಸಾವು. ಸೂಲಗಿತ್ತಿಯರ ವಾರ್ಡಿಗೆ ಸರಿಸಮ. ಆ ವರ್ಷದ ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಒಂದು ಸಾವೂ ಆಗಲಿಲ್ಲ.

ನಡುವೆ ಇನ್ನೊಂದು ಪಾಠವೂ ದೊರೆಯಿತು. 1847ರ ಅಕ್ಟೋಬರ್‌ನಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬಳನ್ನು ವಾರ್ಡಿನ ಮೊದಲ ಹಾಸಿಗೆಯಲ್ಲಿ ಮಲಗಿಸಿದ್ದರು. ಅವಳನ್ನು ಪರೀಕ್ಷಿಸಿದ ಕೈಗಳನ್ನು ಬರಿಯ ಸಾಬೂನಿನಿಂದ ತೊಳೆದು ವೈದ್ಯರು ಮುಂದಿನ ಹಾಸಿಗೆಗಳಿಗೆ ಹೋದರು. ಆಗ ಅಲ್ಲಿದ್ದ ಹನ್ನೆರಡು ಬಾಣಂತಿಯರಲ್ಲಿ ಹನ್ನೊಂದು ಜನ ಸತ್ತರು. ನಂಜು ಬರುವುದು ಶವದಿಂದ ಮಾತ್ರವಲ್ಲ, ಬದುಕಿರುವವರ ಕೀವಿನಿಂದಲೂ ಬರಬಹುದು ಎಂಬುದು ಇದರಿಂದ ಸ್ಪಷ್ಟವಾಯಿತು. ಅಂದಿನಿಂದ ಒಬ್ಬ ರೋಗಿಯಿಂದ ಇನ್ನೊಬ್ಬಳ ಬಳಿಗೆ ಹೋಗುವಾಗಲೆಲ್ಲ ಕೈ ತೊಳೆಯುವ ನಿಯಮ ಬಂತು.

ಲೋಕ ಒಪ್ಪಲಿಲ್ಲ

ಇಷ್ಟಾದರೂ ಅನೇಕ ಹಿರಿಯ ವೈದ್ಯರು ಇದನ್ನು ಒಪ್ಪಲಿಲ್ಲ. ರೋಗ ಗುಣಪಡಿಸುವ ಕೈಗಳೇ ಸಾವನ್ನು ತರುತ್ತವೆ ಎಂಬ ಮಾತು ಅವರಿಗೆ ಅವಮಾನವೆನಿಸಿತು. ರೋಗಾಣುಗಳ ವಿಚಾರ ಆಗ ಇನ್ನೂ ತಿಳಿದಿರಲಿಲ್ಲ. 1849ರಲ್ಲಿ ಸೆಮೆಲ್ವೈಸನ ಹುದ್ದೆಯ ಅವಧಿ ಮುಂದುವರಿಯಲಿಲ್ಲ. ಮರುವರ್ಷ ಅವನು ಹಂಗೆರಿಯ ಪೆಸ್ಟ್ ನಗರಕ್ಕೆ ಹೊರಟುಹೋದ. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಆರು ವರ್ಷಗಳ 933 ಹೆರಿಗೆಗಳಲ್ಲಿ ಬಾಣಂತಿ ಜ್ವರದಿಂದ ಸತ್ತವರು ಎಂಟೇ ಜನ. ತನ್ನ ಪುಸ್ತಕವನ್ನು 1861ರಷ್ಟು ತಡವಾಗಿ ಹೊರತಂದ. ಒಪ್ಪದ ಪ್ರಾಧ್ಯಾಪಕರಿಗೆ ಕಟುವಾದ ಬಹಿರಂಗ ಪತ್ರಗಳನ್ನು ಬರೆದ. ಕಡೆಗೆ ಅವನ ಮನಸ್ಸೇ ಕದಡಿತು. 1865ರ ಜುಲೈ ಕೊನೆಯಲ್ಲಿ ಅವನನ್ನು ವಿಯೆನ್ನಾದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದರು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, 47ನೆಯ ವಯಸ್ಸಿನಲ್ಲಿ ಅವನು ಸತ್ತ. ಕಾರಣ, ಕೈಯ ಗಾಯ ಕೊಳೆತು ರಕ್ತಕ್ಕೆ ನಂಜೇರಿದ್ದು. ಗೆಳೆಯ ಕೊಲೆಚ್ಕಾನನ್ನು ಕೊಂದದ್ದೂ ಅಂಥದೇ ನಂಜು.

1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ಜ್ವರದ ರೋಗಿಗಳಲ್ಲಿ ಸರಪಳಿಯಂತೆ ಜೋಡಿಕೊಂಡಿರುವ ರೋಗಾಣುವನ್ನು ತೋರಿಸಿಕೊಟ್ಟ. ಅದನ್ನು ಇಂದು ಸ್ಟ್ರೆಪ್ಟೊಕಾಕಸ್ ಎನ್ನುತ್ತೇವೆ. 1930ರ ದಶಕದಲ್ಲಿ ಸಲ್ಫಾ ಔಷಧಿಗಳು, ಆಮೇಲೆ ಪೆನಿಸಿಲಿನ್ ಬಂದು ಈ ಜ್ವರ ವಾಸಿಯಾಗುವ ಕಾಯಿಲೆಯಾಯಿತು.

ಹುಳು ಮನೆಯ ಶಿಸ್ತು ಬಾಣಂತಿ ಕೋಣೆಗೂ ಇರಲಿ

ಕುಂದಾಣದ ಆಸುಪಾಸಿನ ರೇಷ್ಮೆ ಬೆಳೆಗಾರರಿಗೆ ಈ ಪಾಠ ಹೊಸದಲ್ಲ. ಬೆಳೆ ಎತ್ತುವ ಮೊದಲು ಹುಳು ಮನೆಯನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯುತ್ತಾರೆ. ಕೈಕಾಲು ತೊಳೆಯದೆ ಒಳಗೆ ಹೋಗುವುದಿಲ್ಲ. ನೋಡಲು ಬಂದ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಇಲ್ಲವಾದರೆ ಹಾಲುತೊಂಡೆ, ಸಪ್ಪೆ ರೋಗ ಹತ್ತಿ ಇಡೀ ಬೆಳೆ ಹಾಳಾಗುತ್ತದೆಂದು ಅವರಿಗೆ ಗೊತ್ತು. ಸೆಮೆಲ್ವೈಸ್ ಸತ್ತ 1865ರಲ್ಲೇ ಪಾಶ್ಚರ್ ಫ್ರಾನ್ಸಿನಲ್ಲಿ ರೇಷ್ಮೆ ಹುಳುವಿನ ಗಂಟು ರೋಗದ ಅಧ್ಯಯನ ಆರಂಭಿಸಿದ್ದ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಹುಳುವಿಗೆ ತೋರಿಸುವ ಈ ಎಚ್ಚರವನ್ನು ಬಾಣಂತಿಗೂ ಕೂಸಿಗೂ ತೋರಿಸಿದರೆ ಸಾಕು.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುತ್ತವೆ. ಹಾಗಾದರೆ ಭಯವೇಕೆ ಎಂದು ಕೇಳಬಹುದು. ಸಾಮಾನ್ಯ ಹೆರಿಗೆಯಾದ ತಾಯಿ ಎರಡು ಮೂರು ದಿನಗಳಲ್ಲಿ ಮನೆಗೆ ಬರುತ್ತಾಳೆ. ನಂಜು ಕಾಣಿಸಿಕೊಳ್ಳುವುದು ಹೆಚ್ಚಾಗಿ ಆಮೇಲೆ, ಮೊದಲ ಹತ್ತು ದಿನಗಳಲ್ಲಿ. ಆಗ ಅವಳ ಬಳಿ ಇರುವವರು ವೈದ್ಯರಲ್ಲ, ತವರಿನವರು. ರೋಗವನ್ನು ಮೊದಲು ಗುರುತಿಸಬೇಕಾದವರು ನೀವೇ. 2018-20ರಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಸತ್ತರು. ಇಂಥ ಸಾವುಗಳಿಗೆ ರಕ್ತಸ್ರಾವ, ರಕ್ತದೊತ್ತಡಗಳ ಜೊತೆಗೆ ಸೋಂಕು ಇಂದಿಗೂ ಒಂದು ಮುಖ್ಯ ಕಾರಣ.

ಮನೆಯವರು ಮಾಡಬೇಕಾದದ್ದು

1. ಬಾಣಂತಿಯನ್ನಾಗಲಿ ಕೂಸನ್ನಾಗಲಿ ಮುಟ್ಟುವ ಮೊದಲು ಪ್ರತಿಯೊಬ್ಬರೂ ಸಾಬೂನಿನಿಂದ ಕೈಯನ್ನು ಕನಿಷ್ಠ 20 ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಕೊಟ್ಟಿಗೆ ಕೆಲಸ, ತೋಟದ ಕೆಲಸ ಮುಗಿಸಿ ಬಂದವರು ಉಗುರಿನ ಸಂದಿಯನ್ನೂ ಶುಚಿಮಾಡಬೇಕು. ಮನೆಯಲ್ಲಿ ಕೈಗೆ ಸಾಬೂನು ಸಾಕು. ಬ್ಲೀಚಿಂಗ್ ಪುಡಿಯನ್ನು ಬಾಣಂತಿಯ ಅಥವಾ ಕೂಸಿನ ಮೈಗೆ ಸೋಕಿಸಬಾರದು.

2. ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿಯೇ ಆಗಲಿ, ಕೂಸನ್ನು ನೋಡಲು ಬಂದ ನೆಂಟರೇ ಆಗಲಿ, ಕೈಯಲ್ಲಿ ಕೀವು ತುಂಬಿದ ಗಾಯ ಅಥವಾ ಗಂಟಲುನೋವು, ಜ್ವರ ಇದ್ದರೆ ಆ ಕೆಲವು ದಿನ ದೂರವಿರಬೇಕು. ಹೀಗೆ ಹೇಳುವುದು ಅಗೌರವವಲ್ಲ.

3. ಸ್ರಾವಕ್ಕೆ ಬಳಸುವ ಬಟ್ಟೆ ಸಾಬೂನಿನಿಂದ ತೊಳೆದು ಬಿಸಿಲಲ್ಲಿ ಒಣಗಿಸಿದ್ದಾಗಿರಲಿ. ಮಂಚದ ಕೆಳಗೆ ಬಚ್ಚಿಟ್ಟು ಒಣಗಿಸಿದ ಬಟ್ಟೆ ಬೇಡ. ದಿನಕ್ಕೆ ಹಲವು ಬಾರಿ ಬದಲಿಸಬೇಕು. ಬಾಣಂತಿಯೂ ಬಟ್ಟೆ ಬದಲಿಸುವ ಮೊದಲು ಮತ್ತು ನಂತರ ಕೈ ತೊಳೆಯಬೇಕು.

4. ಕೂಸಿನ ಹೊಕ್ಕುಳ ಬಳ್ಳಿಗೆ ಬೂದಿ, ಅರಿಶಿನ, ಎಣ್ಣೆ, ಸಗಣಿ ಏನನ್ನೂ ಹಚ್ಚಬೇಡಿ. ಒಣಗಲು ಬಿಡಿ. ತಾನಾಗಿ ಉದುರುತ್ತದೆ. ಧನುರ್ವಾಯು ಬರುವುದು ಮಣ್ಣು, ಸಗಣಿಗಳಿಂದ. ಗರ್ಭಿಣಿಗೆ ಅದರ ಚುಚ್ಚುಮದ್ದನ್ನು ತಪ್ಪದೆ ಹಾಕಿಸಿ.

5. ಆಸ್ಪತ್ರೆ ತಲುಪುವ ಮೊದಲೇ ಅನಿರೀಕ್ಷಿತವಾಗಿ ಹೆರಿಗೆಯಾದರೆ ಐದು ಶುಚಿಗಳನ್ನು ನೆನೆಯಿರಿ: ಶುಚಿಯಾದ ಕೈ, ಶುಚಿಯಾದ ಹಾಸು, ಹೊಸ ಬ್ಲೇಡು, ಶುಚಿಯಾದ ದಾರ, ಏನೂ ಹಚ್ಚದ ಹೊಕ್ಕುಳು. ಆಮೇಲೆ ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ.

ತಡಮಾಡಬಾರದ ಲಕ್ಷಣಗಳು

ಹೆರಿಗೆಯಾಗಿ ಆರು ವಾರಗಳೊಳಗೆ ಈ ಕೆಳಗಿನ ಯಾವುದೇ ಲಕ್ಷಣ ಕಂಡರೆ ಅದೇ ದಿನ, ರಾತ್ರಿಯಾಗಿದ್ದರೂ, ಆಸ್ಪತ್ರೆಗೆ ಹೋಗಬೇಕು:

• 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ, ನಡುಕ
• ಕಿಬ್ಬೊಟ್ಟೆ ನೋವು
• ದುರ್ವಾಸನೆಯ ಸ್ರಾವ, ಅತಿಯಾದ ರಕ್ತಸ್ರಾವ
• ಹೊಲಿಗೆಯ ಜಾಗ ಕೆಂಪಾಗಿ ಊದಿ ಕೀವು ಬರುವುದು
• ಎದೆಬಡಿತ ಹೆಚ್ಚುವುದು, ಏದುಸಿರು
• ಮಾತು ತೊದಲುವುದು, ಮಂಕು ಕವಿಯುವುದು

ಕೊನೆಯ ಎರಡು ಲಕ್ಷಣಗಳಿದ್ದರೆ ನಂಜು ರಕ್ತಕ್ಕೆ ಏರಿರಬಹುದು. ಆಗ ಒಂದೊಂದು ಗಂಟೆಯೂ ಮುಖ್ಯ. 108ಕ್ಕೆ ಕರೆಮಾಡಿ. ತಾಯಿ ಕಾರ್ಡನ್ನು ಮರೆಯದೆ ಜೊತೆಗೆ ಒಯ್ಯಿರಿ.

ಕೆಲವು ಸಂಶಯಗಳು

ಬದನೆ, ಕುಂಬಳ ತಿಂದರೆ ನಂಜಾಗುವುದಿಲ್ಲವೇ?
ಇಲ್ಲ. ನಂಜು ತರುವುದು ರೋಗಾಣು, ತರಕಾರಿಯಲ್ಲ. ಕಠಿಣ ಪಥ್ಯದಿಂದ ಬಾಣಂತಿಗೆ ರಕ್ತಹೀನತೆ ಹೆಚ್ಚುತ್ತದೆ, ಸೋಂಕನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಸೊಪ್ಪು, ಬೇಳೆ, ಹಾಲು, ಮೊಟ್ಟೆ, ಹಣ್ಣು ಎಲ್ಲವೂ ಬೇಕು. ನೀರನ್ನಂತೂ ಕಡಿಮೆ ಮಾಡಲೇಬಾರದು.

ಹಾಲು ಕಟ್ಟಿಕೊಂಡರೂ ಜ್ವರ ಬರುತ್ತದಲ್ಲವೇ?
ಬರಬಹುದು. ಮೂತ್ರದ ಸೋಂಕು, ಡೆಂಗಿ, ಮಲೇರಿಯಾಗಳಿಂದಲೂ ಬರಬಹುದು. ಯಾವುದೆಂದು ಮನೆಯಲ್ಲಿ ಊಹಿಸುತ್ತ ಕೂರದೆ ವೈದ್ಯರಿಗೆ ತೋರಿಸಬೇಕು. ಅಂಗಡಿಯಿಂದ ಜ್ವರದ ಮಾತ್ರೆ ತಂದು ನುಂಗಿಸಿದರೆ ಜ್ವರ ಅಡಗಿ ರೋಗ ಒಳಗೇ ಬೆಳೆಯುತ್ತದೆ.

ಜ್ವರವಿದ್ದಾಗ ಎದೆಹಾಲು ಕೊಡಬಹುದೇ?
ಸಾಮಾನ್ಯವಾಗಿ ಕೊಡಬಹುದು. ಚಿಕಿತ್ಸೆ ನೀಡುವ ವೈದ್ಯರನ್ನು ಒಂದು ಮಾತು ಕೇಳಿ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬರಬೇಕೆಂಬ ನಿಯಮವಿದೆ. ಆಕೆ ಬಂದಾಗ ಬಾಗಿಲಿನಿಂದಲೇ ಮಾತಾಡಿಸಿ ಕಳುಹಿಸಬೇಡಿ. ಕೈ ತೊಳೆಯಲು ನೀರು, ಸಾಬೂನು ಕೊಟ್ಟು ಒಳಗೆ ಕರೆಯಿರಿ. ಬಾಣಂತಿಯ ಜ್ವರ ನೋಡಲು ಹೇಳಿ. ಆಸ್ಪತ್ರೆಯಲ್ಲಿ ವೈದ್ಯರಾಗಲಿ ದಾದಿಯಾಗಲಿ ಪರೀಕ್ಷಿಸಲು ಬಂದಾಗ ‘ಕೈ ತೊಳೆದಿರಾ?’ ಎಂದು ವಿನಯದಿಂದ ಕೇಳುವ ಹಕ್ಕೂ ನಿಮಗಿದೆ. ಆ ಪ್ರಶ್ನೆಯನ್ನು ಅಂದು ಕೇಳಿದ ವೈದ್ಯನನ್ನು ಲೋಕ ದೂರ ತಳ್ಳಿತು. ಇಂದು ಅದನ್ನು ಕೇಳಿದರೆ ಒಳ್ಳೆಯ ವೈದ್ಯರಾರೂ ಬೇಸರಪಡುವುದಿಲ್ಲ.